ಮರಿಹುಳುವಿನ ಊಟ

ಊರಿಗಾಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ವಿಜ್ಞಾನದ ಮೇಷ್ಟ್ರು ನೆಲಜೀರುಂಡೆಯ ಮರಿಹುಳುಗಳನ್ನು ಗಾಜಿನ ಬಟ್ಟಲುಗಳಲ್ಲಿ ಸಾಕುತ್ತಿದ್ದರು. ಅವಕ್ಕೆ ಸೊಪ್ಪುಸದೆ ಆಗದು, ಮಾಂಸವೇ ಬೇಕು. ಅದಕ್ಕಾಗಿ ಕಾಮಸಮುದ್ರದ ಬಸ್ಸು ಹತ್ತಿ, ಕೋಸಿನ ತೋಟಗಳಲ್ಲಿ ಎಲೆ ತಿನ್ನುವ ಹುಳುಗಳನ್ನು ಹೆಕ್ಕಿ ತರುತ್ತಿದ್ದರು. ಮರಿಹುಳು ಅಂಥ ಒಂದು ಹುಳುವನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಬಾಯಿರಸದಿಂದ ಮೈ ಕರಗಿಸಿ, ಗಂಜಿಯಂತೆ ಹೀರುತ್ತಿತ್ತು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ, "ಉಣ್ತಾ ಐತೆ, ನೋಡ್ಬಾ" ಎಂದು ಹೆಂಡತಿಯನ್ನು ಕೂಗುತ್ತಿದ್ದರು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದು ನೋಡಿ ನಗುತ್ತಿದ್ದರು.

ಕಳೆದ ವರ್ಷ ಆಕೆಯ ಗಂಟಲಲ್ಲಿ ಗಡ್ಡೆ ಬೆಳೆಯಿತು. ಮೊದಲು ಅನ್ನ ಇಳಿಯದಾಯಿತು, ಆಮೇಲೆ ಗಂಜಿಯೂ ಬೇಡವಾಯಿತು. ಒಂದು ಬೆಳಿಗ್ಗೆ ನಾನು ಹಾಲು ಕೊಡಲು ಹೋದಾಗ ಮೇಷ್ಟ್ರು ಮರಿಹುಳುವಿದ್ದ ಒಂದು ಬಟ್ಟಲನ್ನು ಆಕೆಯ ದಿಂಬಿನ ಹತ್ತಿರ ಹಿಡಿದುಕೊಂಡಿದ್ದರು. ಇನ್ನೊಂದು ಕೈಯಲ್ಲಿ ರಾಗಿಗಂಜಿಯ ಚಮಚವಿತ್ತು.

"ಉಣ್ತಾ ಐತೆ, ನೋಡು. ನೀನೂ ಒಂದು ಗುಟುಕು ಕುಡಿ."

"ಅದಕ್ಕೆ ಅಸಿವೈತೆ ಕಣ್ರೀ, ನಂಗಿಲ್ಲ" ಎಂದು ಆಕೆ ಗೋಡೆಯ ಕಡೆ ತಿರುಗಿದರು.

ಗಂಜಿ ಆರಿ ಕೆನೆಗಟ್ಟಿದರೂ ಅವರು ಚಮಚ ಕೆಳಗಿಡಲಿಲ್ಲ. ಆ ವಾರವೇ ಆಕೆ ತೀರಿಕೊಂಡರು.

ಮಣ್ಣು ಮಾಡಿ ಬಂದ ಮಧ್ಯಾಹ್ನ ನಾನು ಅನ್ನ, ಸಾರು ಒಯ್ದೆ. ಆಹಾರ ಕಾಣದ ಮರಿಹುಳುಗಳು ಬಟ್ಟಲುಗಳಲ್ಲಿ ಸುಮ್ಮನೆ ಬಿದ್ದಿದ್ದವು. ಮೇಷ್ಟ್ರು ಅತ್ತ ನೋಡಲೂ ಇಲ್ಲ.

"ಒಂದು ತುತ್ತು ತಿನ್ನಿ ಮೇಷ್ಟ್ರೇ" ಎಂದೆ.

ಅವರು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

"ಬರೀ ಒಟ್ಟೇಲೇ ಒಂಟೋದ್ಲಲ್ಲಮ್ಮ."