ಅಯ್ನೋರ ಕಾವಲಿ ಪಕ್ಕದ ಪ್ರಿಂಟರ್

ಅಯ್ನೋರ ಬಲಗೈಯಲ್ಲಿ ಬೆರಳಿನಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಕಾವಲಿಯ ಶಾಖಕ್ಕೆ ಎಲ್ಲ ಸುಟ್ಟು ಚರ್ಮ ನುಣ್ಣಗಾಗಿತ್ತು. ತಿಪಟೂರಿನ ನಮ್ಮ ಹೋಟೆಲಿನಲ್ಲಿ ಅಪ್ಪನ ಕಾಲದಿಂದಲೂ ದೋಸೆ ಹಾಕುತ್ತಿದ್ದವರು. ಎಲ್ಲರ ಬಾಯಲ್ಲೂ ದೋಸೆ ಅಯ್ನೋರು. ಕಾವಲಿಗೆ ನೀರು ಚಿಮುಕಿಸಿ, ಚುರ್ ಸದ್ದು ಕೇಳಿದ ಮೇಲೇ ಹಿಟ್ಟು ಹುಯ್ಯುತ್ತಿದ್ದರು. "ಅದೇ ಹೇಳ್ತದೆ ಕಣಪ್ಪ, ಕೇಳಿಸ್ಕಬೇಕು ಅಷ್ಟೆ," ಎನ್ನುತ್ತಿದ್ದರು. ನಾನು ಶಾಲೆಯಿಂದ ಬಂದರೆ ನನ್ನ ದೋಸೆಗೆ ಮಾತ್ರ ಎರಡು ಸಲ ಬೆಣ್ಣೆ.

ಅಪ್ಪ ಹೋದ ಮೇಲೆ ಹೋಟೆಲು ನನ್ನ ಕೈಗೆ ಬಂತು. ಸಪ್ಲಯರ್ ಅಡುಗೆಮನೆ ಕಡೆ ತಿರುಗಿ "ಎಲ್ಡು ಮಸಾಲೆ, ಒಂದು ಸೆಟ್" ಎಂದು ಕೂಗಿದರೆ ನನಗೆ ಮೈ ಉರಿಯುತ್ತಿತ್ತು. ಟ್ಯಾಬ್ ತಂದೆ, ಕಾವಲಿಯ ಪಕ್ಕ ಪ್ರಿಂಟರ್ ಇಟ್ಟೆ. ಹೊರಗೆ ಟ್ಯಾಬಿನಲ್ಲಿ ಒತ್ತಿದರೆ ಒಳಗೆ ಚೀಟಿ ಬರಬೇಕು. ಕರೆಂಟು ಹೋಗಿ ಬಂದಾಗಲೆಲ್ಲ ಪ್ರಿಂಟರಿನ ನೆಟ್‌ವರ್ಕ್ ನಂಬರು ಬದಲಾಗಿ ಟ್ಯಾಬಿಗೆ ಅದು ಸಿಗುತ್ತಲೇ ಇರಲಿಲ್ಲ. ಎರಡು ದಿನ ಒದ್ದಾಡಿ ಆ ನಂಬರನ್ನು ಬದಲಾಗದಂತೆ ಕೂರಿಸಿದೆ. ಎಂಥ ಜಂಭ ನನಗೆ! ಇನ್ನು ಯಾರೂ ಕೂಗಕೂಡದು ಎಂದು ಅಪ್ಪಣೆ ಮಾಡಿದೆ.

"ಕೂಗಿದ್ರೆ ಏನಾಯ್ತದೆ ಬುಡಿ ಅಣ್ಣ," ಎಂದ ಸಪ್ಲಯರ್. ಅಯ್ನೋರು ಕಾವಲಿಗೆ ನೀರು ಚಿಮುಕಿಸಿದರು.

ಹತ್ತು ದಿನ ಸರಿಯಾಗೇ ನಡೆಯಿತು. ಆಮೇಲೊಂದು ಕೊಬ್ಬರಿ ಹರಾಜಿನ ದಿನ, ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ, ಸಪ್ಲಯರ್ ರಜೆ. ಟ್ಯಾಬ್ ನಾನೇ ಹಿಡಿದಿದ್ದೆ. ಸೆಟ್ ದೋಸೆ ಕೇಳಿದವರಿಗೆ ಮಸಾಲೆ, ಮಸಾಲೆ ಕೇಳಿದವರಿಗೆ ಸೆಟ್. ರೇಗಿಕೊಂಡು ಒಳಗೆ ಹೋದೆ. ಅಯ್ನೋರು ಚೀಟಿ ಹರಿದು, ಕಣ್ಣ ಹತ್ತಿರ ಹಿಡಿದು, "ಎಲ್ಡು ಮಸಾಲೆ" ಎಂದು ಮೊಳೆಗೆ ಚುಚ್ಚಿದರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಆ ಕಾಗದದ ಒಂದು ಮಗ್ಗುಲಿಗೆ ಮಾತ್ರ ಅಕ್ಷರ ಮೂಡುತ್ತದೆ; ಬೆಳಿಗ್ಗೆ ರೋಲನ್ನು ನಾನೇ ತಿರುಗಾಮುರುಗಾ ಹಾಕಿದ್ದೆ. ಮೊಳೆಯಲ್ಲಿದ್ದ ಚೀಟಿಗಳೆಲ್ಲ ಬರೀ ಬಿಳಿ.

"ಏನೂ ಇಲ್ಲದ ಚೀಟಿ ಓದ್ತಿದ್ದೀರಲ್ರೀ ಅಯ್ನೋರೆ! ಕಣ್ಣು ಕಾಣ್ಸಲ್ವಾ ನಿಮ್ಗೆ?" ಎಂದು ಕಿರುಚಿದೆ. ನನ್ನ ಬಾಯಿಗೆ ಬೆಂಕಿ ಬೀಳ, ಬರೀ ಬೈಗುಳಕ್ಕೆ ಅಂದದ್ದು, ಗೊತ್ತಿದ್ದಲ್ಲ. ಹೊರಗೆ ಕೂತವರೆಲ್ಲ ತಿರುಗಿದರು. ಯಾರೋ ನಕ್ಕರು.

"ಕಾಣ್ಸಲ್ಲ ಕಣಪ್ಪ. ಎಲ್ಡು ವರ್ಷ ಆಯ್ತು."

ಬೆಂದಿದ್ದ ದೋಸೆಯನ್ನು ಮಡಿಸಿ ತಟ್ಟೆಗಿಟ್ಟು, ಗ್ಯಾಸ್ ಆರಿಸಿ, ಗೋಡೆ ಸವರಿಕೊಂಡು ಹಿಂಬಾಗಿಲಿನಿಂದ ಹೋದರು. ನಾನು ಗಿರಾಕಿಗಳನ್ನು ಸಮಾಧಾನ ಮಾಡುತ್ತಾ ನಿಂತೆ.

ಮರುದಿನ ಸಪ್ಲಯರ್ ಅತ್ತುಬಿಟ್ಟ. "ನೀವು ಕೂಗ್ಬೇಡ ಅಂದ್ಮೇಲೆ ತಟ್ಟೆ ಎತ್ಕಳಕ್ಕೆ ಹೋದಾಗೆಲ್ಲ ಅವ್ರ ಕಿವೀಲಿ ಮೆಲ್ಲಗೆ ಹೇಳ್ತಿದ್ದೆ ಅಣ್ಣ. ನಿನ್ನೆ ನಾನಿರ್ಲಿಲ್ಲ."

ಪ್ರಿಂಟರ್ ಕಿತ್ತುಹಾಕಿ ಹಾಲ್ಕುರಿಕೆಯ ಅವರ ಮನೆಗೆ ಹೋದೆ. ಮೊದಲಿನ ಹಾಗೇ ಕೂಗ್ತೀವಿ, ಬನ್ನಿ ಎಂದೆ.

"ಎಲ್ರಿಗೂ ಗೊತ್ತಾಯ್ತಲ್ಲಪ್ಪ. ಇನ್ನು ಜನ ದೋಸೆ ನೋಡಲ್ಲ, ನನ್ನ ಕಣ್ಣು ನೋಡ್ತಾರೆ," ಎಂದರು. ಒಳಗಿನಿಂದ ಕಾಫಿ ತರಿಸಿ ಕುಡಿಸಿ, ಬಸ್ಸಿನ ಹೊತ್ತಾಯಿತೆಂದು ಕಳಿಸಿದರು.

ಆ ಬೇಸಿಗೆ ಕಳೆಯುವ ಮೊದಲೇ ತೀರಿಕೊಂಡರು. ಕರೆಯಲು ಹೋಗಿದ್ದ ದಿನ ಜಗಲಿಯಲ್ಲಿ ಅವರ ಪಕ್ಕ ಅರ್ಧ ಗಂಟೆ ಕೂತಿದ್ದೆ. ಸಂಬಳದ ಮಾತಾಡಿದೆ, ಕಣ್ಣಾಸ್ಪತ್ರೆಯ ಮಾತಾಡಿದೆ. "ತಪ್ಪಾಯ್ತು ಅಯ್ನೋರೆ" ಎನ್ನಲಿಲ್ಲ. ಅಷ್ಟು ಜನರೆದುರು ಕಿರುಚಿದ ಬಾಯಿಗೆ, ಅವರೊಬ್ಬರೇ ಇದ್ದಾಗ ಅಷ್ಟು ಹೇಳಲು ಆಗಲಿಲ್ಲ.