ಚಮಚಣ್ಣನ ಖಾಲಿ ಹೊಟ್ಟೆ

ಅಂಗಿ ಮೇಲೆತ್ತಿ ಮಂಚದ ಮೇಲೆ ಮಲಗುತ್ತಿದ್ದಂತೆ ಬೇಕರಿಯವನ ಜೇಬಿನಿಂದ ಚಮಚವೊಂದು ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಸ್ಕ್ಯಾನಿಂಗ್ ಕೋಣೆಯ ಡಾಕ್ಟರಮ್ಮ ನೋಡಿಯೂ ನೋಡದವರಂತೆ ಅವನ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಅಲ್ಟ್ರಾಸೌಂಡಿನ ಹಿಡಿಯನ್ನು ಪಕ್ಕೆಲುಬಿನ ಕೆಳಗೆ ಒತ್ತಿದರು.

"ಬೆಳಿಗ್ಗೆ ಏನು ತಿಂದ್ರಿ?"

"ಏನೂ ಇಲ್ಲ ಮೇಡಂ. ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ರಲ್ಲ."

"ಹೊಟ್ಟೆ ಖಾಲಿ ಇದ್ರೆ ಪಿತ್ತಕೋಶ ತುಂಬಿರುತ್ತೆ. ನಿಮ್ಮದು ಹಿಂಡಿದ ನಿಂಬೆಹಣ್ಣಿನ ಥರ ಇದೆ. ಜಿಡ್ಡಿನ ಪದಾರ್ಥ ಏನೋ ಒಳಗೆ ಹೋಗಿದೆ."

"ತಿಂದಿಲ್ಲ ಮೇಡಂ, ದೇವರಾಣೆ. ಕ್ರೀಮಿನ ರುಚಿ ನೋಡ್ದೆ, ಅಷ್ಟೆ."

ಪರದೆಯಾಚೆ ಕೂತಿದ್ದ ಅವನ ಅಕ್ಕನ ಪಿತ್ತ ನೆತ್ತಿಗೇರಿತು. "ನೋಡಿ, ನನ್ನ ಜೀವ ಇವನ ನಾಲಿಗೆ ತುದೀಲಿದೆ!"

ಮಾತು ಸುಳ್ಳಲ್ಲ. ಎಂದೋ ಬಂದು ಹೋಗಿದ್ದ ಕಾಮಾಲೆ ಅವಳ ಒಳಗೇ ಹೊಗೆಯಾಡಿ ಲಿವರನ್ನು ಸುಟ್ಟ ಬ್ರೆಡ್ಡಿನಂತೆ ಗಟ್ಟಿ ಮಾಡಿತ್ತು. ಬೇರೊಬ್ಬರ ಲಿವರಿನ ತುಂಡು ಜೋಡಿಸದೆ ಬೇರೆ ದಾರಿಯಿರಲಿಲ್ಲ. ಮನೆಯವರಲ್ಲಿ ಹೊಂದಿಕೆಯಾದದ್ದು ಈ ತಮ್ಮನೊಬ್ಬನದೇ. ಚಿಕ್ಕಂದಿನಲ್ಲಿ ಒಂದು ಬನ್ನಿನ ಅರ್ಧ ಕೊಡುವುದಕ್ಕೂ ರಂಪ ಮಾಡುತ್ತಿದ್ದವನು, ಕೇಳುವ ಮೊದಲೇ "ಅರ್ಧ ತಗೋ" ಅಂದಿದ್ದ. ಆದರೆ ಕೊಡುವ ಮಾಲು ಚೆನ್ನಾಗಿರಬೇಕಲ್ಲ?

ಟ್ರೇ ತೊಳೆಯುವುದರಿಂದ ಶುರುಮಾಡಿ ಸ್ವಂತ ಬೇಕರಿ ಇಟ್ಟವನು ಅವನು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಚಮಚ ಸಿಕ್ಕಿಸಿಕೊಳ್ಳುತ್ತಿದ್ದ. ತಾನು ರುಚಿ ನೋಡದ ಯಾವುದೂ ಅಂಗಡಿಯ ಗಾಜಿನ ಕಪಾಟು ಸೇರಬಾರದೆಂಬುದು ಅವನ ಶಪಥ. ಜನ್ಮದಲ್ಲಿ ಯಾರಿಗೂ ಚಮಚಾಗಿರಿ ಮಾಡಿದವನಲ್ಲ, ಆದರೂ ಬೀದಿಗೆಲ್ಲ ಅವನು ಚಮಚಣ್ಣ.

ಮರುದಿನ ಹೆಂಡತಿ ಅವನನ್ನು ಅಂಗಡಿಗೆ ಬಿಡದೆ ನೇರ ಹಾಸಿಗೆಯಿಂದಲೇ ಆಸ್ಪತ್ರೆಗೆ ಎಳೆತಂದಳು. ಪರದೆಯ ಮೇಲೆ ಕಿಡ್ನಿ ಕಪ್ಪಗೆ, ಲಿವರ್ ಬೆಳ್ಳಗೆ ಫಳಫಳ.

"ಚೆನ್ನಾಗಿ ಹೊಳೀತಿದೆ ಅಲ್ವಾ ಮೇಡಂ?"

"ಹೊಳೆಯೋದು ಕೊಬ್ಬು ರೀ."

"ಇವನ ಕೊಬ್ಬು ಹುಟ್ಟಿದಾಗಿಂದ ನನಗೆ ಗೊತ್ತು," ಅಂದಳು ಅಕ್ಕ. "ಅದಕ್ಕೆ ಮಿಷನ್ ಬೇರೆ ಬೇಕಿತ್ತಾ?"

ಆಮೇಲೆ ಇನ್ನೊಂದು ಯಂತ್ರ ಪಕ್ಕೆಲುಬುಗಳ ನಡುವೆ ಟಕ್ ಟಕ್ ಎಂದು ಬೆರಳಲ್ಲಿ ಚಿಮ್ಮಿದಂತೆ ತಟ್ಟಿತು. ಆ ತಟ್ಟುವಿಕೆಯ ಅಲೆ ಒಳಗೆ ಎಷ್ಟು ವೇಗವಾಗಿ ಓಡಿತೆಂಬುದರಿಂದ ಲಿವರಿನ ಗಡಸುತನ ತಿಳಿಯುತ್ತದಂತೆ. ಪುಣ್ಯಕ್ಕೆ ಇನ್ನೂ ಮೆತ್ತಗಿತ್ತು, ಅಂದರೆ ಕೊಬ್ಬು ಕರಗಿಸಬಹುದು. ಕೊನೆಗೆ ಸುರಂಗದಂಥ ಎಂಆರ್‌ಐ. ಉಸಿರು ಬಿಗಿಹಿಡಿದು ಮಲಗಿದರೆ, ಸೂಜಿ ಚುಚ್ಚದೆಯೇ ಕೊಬ್ಬಿನ ಲೆಕ್ಕ ಕೊಡುತ್ತದೆ. ನೂರಕ್ಕೆ ಇಪ್ಪತ್ತು ಎಂದಿತು. ಹತ್ತರೊಳಗೆ ಇಳಿಯದೆ ಕತ್ತರಿ ಮುಟ್ಟುವುದಿಲ್ಲ ಎಂದರು ಆಪರೇಷನ್ ಮಾಡುವವರು.

ಚಮಚಣ್ಣ ತಿಂಡಿ ಬಿಟ್ಟ, ರಾತ್ರಿಯೂಟ ಅರ್ಧ ಮಾಡಿದ, ಚಪ್ಪಲಿ ಸವೆಯುವಂತೆ ನಡೆದ. ಮತ್ತೆ ಅಲ್ಟ್ರಾಸೌಂಡಿಗೆ ಹೋದರೆ ಲಿವರ್ ಅಷ್ಟೇ ಬೆಳ್ಳಗೆ.

"ಸ್ವಲ್ಪ ಇಳಿದಿದ್ರೂ ಇದರಲ್ಲಿ ಗೊತ್ತಾಗಲ್ಲ. ಇದು ಕಣ್ಣಂದಾಜು," ಎಂದು ಡಾಕ್ಟರಮ್ಮ ಎಂಆರ್‌ಐಗೆ ಕಳಿಸಿದರು. ಅದು ಅಳೆದು ತೂಗಿ ಹತ್ತೊಂಬತ್ತು ಎಂದಿತು. ಅತ್ತ ಅಕ್ಕನ ಕಾಲು ಊದಿಕೊಂಡು ಚಪ್ಪಲಿಗೇ ಹಿಡಿಸುತ್ತಿರಲಿಲ್ಲ. ಈಗೀಗ ಅವಳು ತಮ್ಮನನ್ನು ಬೈಯುವುದನ್ನೂ ಬಿಟ್ಟಿದ್ದಳು. ಅವನಿಗೆ ಹೆದರಿಕೆಯಾದದ್ದು ಅದಕ್ಕೆ.

ಒಂದು ದಿನ ಮಧ್ಯಾಹ್ನ ಬೇಕರಿಯಲ್ಲಿ ಹೆಂಡತಿ ಅವನೆದುರು ಒಂದು ಬಟ್ಟಲು ಕುಕ್ಕಿದಳು. ಬೆಣ್ಣೆ, ಕ್ರೀಮು, ಕೇಕಿನ ಹಸಿ ಹಿಟ್ಟು, ಜಾಮು ಎಲ್ಲ ಕಲಸಿಹೋಗಿ ಅಂಚಿನವರೆಗೂ ತುಂಬಿತ್ತು.

"ಏನ್ರೀ, ಇದನ್ನ ತಿನ್ನಿ."

"ಇಷ್ಟೊಂದಾ? ಮನುಷ್ಯ ಅನ್ನೋನು ತಿಂತಾನಾ ಇದನ್ನ?"

"ಬೆಳಿಗ್ಗೆಯಿಂದ ನೀವು ತಿಂದಿರೋದೇ ಇದು. ನೀವು ಬಾಯಿಗೆ ಒಂದು ಚಮಚ ಹಾಕ್ಕೊಂಡಾಗೆಲ್ಲ ನಾನೂ ಒಂದು ಚಮಚ ಇದಕ್ಕೆ ಹಾಕ್ದೆ."

ಚಮಚಣ್ಣ ಬಟ್ಟಲನ್ನೇ ದಿಟ್ಟಿಸಿದ. ಜೇಬಿನ ಚಮಚ ತೆಗೆದು ಅವಳ ಕೈಗಿತ್ತ. ಅಂದಿನಿಂದ ಸಕ್ಕರೆ, ಬೆಣ್ಣೆಗಳು ತಕ್ಕಡಿಯಲ್ಲಿ ತೂಗಿದಷ್ಟೇ ಹಿಟ್ಟಿಗೆ ಬಿದ್ದವು. ಮೊದಮೊದಲು ಅವನ ಕೈ ಬರಿದಾದ ಜೇಬನ್ನು ತಡಕುತ್ತಿತ್ತು. ಕ್ರೀಮು ಕಡೆಯುವಾಗ ಬಾಯಲ್ಲೊಂದು ಲವಂಗ ಕಚ್ಚಿಕೊಂಡಿರುತ್ತಿದ್ದ. ಊಟ ಬಿಟ್ಟಾಗ ಇಲ್ಲದ ಸಂಕಟ ಈಗ. ಕೇಕು ಹಾಳಾಗಿ ಅಂಗಡಿ ಮುಳುಗುತ್ತದೆಂದೇ ನಂಬಿದ್ದ. ಮುಳುಗಿದರೆ ಮುಳುಗಲಿ, ಅಕ್ಕ ತೇಲಬೇಕು ಎಂದು ಹಲ್ಲು ಕಚ್ಚಿದ.

ಎರಡು ತಿಂಗಳ ಬಳಿಕ ಎಂಆರ್‌ಐ ಏಳು ಎಂದಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಗಾಲಿಕುರ್ಚಿಯಲ್ಲಿದ್ದ ಅಕ್ಕ ಬಹಳ ದಿನಗಳ ಮೇಲೆ ತಮ್ಮನ ಬೆನ್ನಿಗೊಂದು ಗುದ್ದಿದಳು. "ಅರ್ಧ ಕೊಡ್ತೀನಿ ಅಂತ ಚಿಕ್ಕ ತುಂಡು ಕೊಟ್ರೆ ನೋಡು!"

ಡಾಕ್ಟರಮ್ಮನಿಗೆ ಇನ್ನೂ ಒಂದು ಅಳುಕು. ಕೊಟ್ಟ ಮೇಲೆ ಉಳಿಯುವ ಲಿವರನ್ನೂ ಜೋಪಾನ ಮಾಡಬೇಕಲ್ಲ.

"ಇಷ್ಟು ವರ್ಷದ ಅಭ್ಯಾಸ. ಎಲ್ಲ ಮುಗಿದ ಮೇಲೆ ಮತ್ತೆ ರುಚಿ ನೋಡೋಕೆ ಶುರು ಮಾಡಲ್ಲ ತಾನೇ?"

ಚಮಚಣ್ಣ ತಲೆ ತಗ್ಗಿಸಿದ.

"ಗಿರಾಕಿಗಳು ಬಿಡಲ್ಲ ಮೇಡಂ. ನಾನು ರುಚಿ ನೋಡೋದು ನಿಲ್ಲಿಸಿದ ಮೇಲೇ ಕೇಕು ಬಾಯಿಗಿಡೋ ಹಾಗಾಗಿದೆ ಅಂತಿದ್ದಾರೆ."