ತೊಗಲು ಶೆಡ್ಡಿನ ಕೆಳಗಿನ ಹೊಲ

ಎಪ್ಪತ್ತರ ದಶಕದಲ್ಲಿ ನಾಲ್ಕು ವರ್ಷ ನಾನು ಹಲಗೂರಿನಲ್ಲಿ ಒಬ್ಬನೇ ಇದ್ದೆ. ಮಂಡ್ಯದ ಮೇಷ್ಟರ ಮಗ. ಮಣ್ಣು ಪರೀಕ್ಷೆಯ ಸಹಾಯಕನೆಂದು ಅಲ್ಲಿಗೆ ಹಾಕಿದ್ದರು. ಅಂಗಡಿಯೊಂದರ ಹಿಂದಿನ ಕೋಣೆ, ಒಂದು ಸೀಮೆಎಣ್ಣೆ ಸ್ಟವ್ವು, ಬಟ್ಟೆ ಚೀಲಗಳಲ್ಲಿ ಊರೂರಿನ ಮಣ್ಣು. ವಾರಕ್ಕೊಮ್ಮೆ ಆ ಚೀಲಗಳನ್ನು ಹೊತ್ತು ಮಳವಳ್ಳಿ, ಮದ್ದೂರು ಹಾದು ಮಂಡ್ಯದ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕೆಲವು ದಿನ ಕಂಡಕ್ಟರನ ಜೊತೆ ಆಡಿದ್ದಷ್ಟೇ ನನ್ನ ಮಾತು.

ಹಲಗೂರಿನಿಂದ ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ತೊಗಲು ಹದ ಮಾಡುವ ಶೆಡ್ಡೊಂದು ಮುಚ್ಚಿ ಬಿದ್ದಿತ್ತು. ನಡೆಸುತ್ತಿದ್ದವರು ಹೊರಗಿನವರು, ಎಲ್ಲ ಹಾಗೇ ಬಿಟ್ಟುಹೋಗಿದ್ದರು. ಗುಂಡಿಗಳ ಸುಣ್ಣ, ಉಪ್ಪು, ಹದಕ್ಕೆ ಬಳಸುತ್ತಿದ್ದ ಹಸಿರು ಪುಡಿ ಮಳೆನೀರಿನೊಂದಿಗೆ ಕೆಳಗಿನ ಎರಡೆಕರೆ ಹೊಲಕ್ಕೆ ಇಳಿದಿದ್ದವು. ಹೊಲ ಒಬ್ಬ ವಿಧವೆಯದು. ನಲವತ್ತರ ಆಸುಪಾಸಿನ ಒಕ್ಕಲು ಹೆಂಗಸು, ಮಕ್ಕಳಿರಲಿಲ್ಲ. ಅವಳ ಹಸು ಅಲ್ಲಿ ಮೇಯ್ದು ಸತ್ತ ಮೇಲೆ ಊರಿನವರು ಅವಳ ರಾಗಿ ಕೊಳ್ಳುವುದನ್ನು ಬಿಟ್ಟರು. ಆಮೇಲೆ ಅವಳ ಮನೆಯ ನೀರು ಕುಡಿಯುವುದನ್ನೂ ಬಿಟ್ಟರು.

ನಾನು ಮಣ್ಣು ತೆಗೆದುಕೊಂಡು ಹೋಗಿ, ಮೂರು ವಾರ ಕಳೆದು ವರದಿ ತಂದೆ. ಉಪ್ಪು, ಕ್ಷಾರ ಎರಡೂ ಜಾಸ್ತಿ ಎಂದು ಹೇಳಿದೆ.

"ಉಪ್ಪು ನಾಲಿಗೆಗೇ ಗೊತ್ತಾಯ್ತದೆ. ಇಸ ಅದಾ ಇಲ್ವಾ, ಅದ ಯೋಳಿ" ಎಂದಳು.

ವಿಷವೆಂದು ಅವಳು ಹೆದರಿದ್ದು ಆ ಹಸಿರು ಪುಡಿಗೆ. ಅದನ್ನು ಅಳೆಯುವ ಸಲಕರಣೆ ನಮ್ಮಲ್ಲಿರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿ, ವರದಿಯನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟಳು. ಆ ದಿನ ಬಸ್ಸಿಗೆ ಕಾಯದೆ ನಡೆದೇ ಹಲಗೂರಿಗೆ ಬಂದೆ.

ನನ್ನ ಕೈಲಾಗುತ್ತಿದ್ದದ್ದು ಉಪ್ಪು ತೆಗೆಯುವ ಕೆಲಸ. ಮೇಲಧಿಕಾರಿಯನ್ನು ಕಾಡಿ ಜಿಪ್ಸಂ ಮೂಟೆಗಳನ್ನು ತರಿಸಿದೆ. ಬಸಿಗಾಲುವೆ ತೋಡಲು ಒಬ್ಬ ಆಳೂ ಬರಲಿಲ್ಲ. ಅವಳೊಬ್ಬಳೇ ಗುದ್ದಲಿ ಹಿಡಿದಳು. ಎರಡು ದಿನ ನಾನೂ ತೋಡಿದೆ. ಮೂರನೆಯ ದಿನ ಅವಳು, ಊರಿನವರು ಏನೇನೋ ಆಡಿಕೊಳ್ಳುತ್ತಿದ್ದಾರೆ, ಇನ್ನು ಬದುವಿನ ಮೇಲೆ ನಿಂತೇ ಹೇಳಿ, ಇಳಿಯಬೇಡಿ ಎಂದಳು. ಅಂದಿನಿಂದ ನಾನು ಬದುವಿನ ಮೇಲೆ ನಿಂತೆ. ಅವಳು ಹಸಿರು ಗೊಬ್ಬರಕ್ಕೆಂದು ಡಯಂಚ ಬಿತ್ತಿ, ಹೂವಿಗೆ ಬಂದಾಗ ಉತ್ತು ಮಣ್ಣಿಗೆ ಸೇರಿಸಿದಳು. ಎರಡು ಮಳೆಗಾಲಕ್ಕೆ ಉಪ್ಪಿನ ಬಿಳಿಯ ಪೊರೆ ಹೋಗಿ ಮಣ್ಣಿಗೆ ಬಣ್ಣ ಬಂತು. ಆದರೂ ಅವಳ ಪ್ರಶ್ನೆ ಹಾಗೇ ಉಳಿದಿತ್ತು.

ಉತ್ತರ ಕಂಡುಹಿಡಿದವಳು ಅವಳೇ. ಹೊಗೆಸೊಪ್ಪಿನ ಪಕ್ಕ ಬೆಳೆದ ಹಿಪ್ಪುನೇರಳೆ ತಿಂದು ಅವಳ ಅಣ್ಣನ ಮನೆಯ ರೇಷ್ಮೆಹುಳುಗಳು ಒಮ್ಮೆ ಸತ್ತಿದ್ದವಂತೆ. "ಉಳೂನ ಕೇಳನ. ಅದು ಗೊತ್ತಿಲ್ಲ ಅನ್ನಕಿಲ್ಲ" ಎಂದಳು. ಮಾತು ನನಗೆ ಚುಚ್ಚಿತು, ಆದರೆ ತಪ್ಪಿರಲಿಲ್ಲ.

ಹಿಪ್ಪುನೇರಳೆ ಕಡ್ಡಿ ನೆಟ್ಟು, ಸೊಪ್ಪು ಬಂದ ಮೇಲೆ ಹುಳು ಮೇಯಿಸಿದಳು. ಒಂದು ತಟ್ಟೆಗೆ ತನ್ನ ಹೊಲದ ಸೊಪ್ಪು, ಇನ್ನೊಂದಕ್ಕೆ ಅಣ್ಣನ ತೋಟದ್ದು. ಹುಳು ಪೊರೆ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಮೂರನೆಯ ಜ್ವರ ಕಳೆದು ನಾನು ಹೋದಾಗ ಅಣ್ಣನ ತೋಟದ ಸೊಪ್ಪು ತಿಂದವು ಚೆನ್ನಾಗಿದ್ದವು. ಇವಳ ತಟ್ಟೆಯಲ್ಲಿ ಮುಕ್ಕಾಲು ಪಾಲು ಹುಳು ಮೆತ್ತಗಾಗಿ ಮಲಗಿದ್ದವು. ಅವಳು ಅಳಲಿಲ್ಲ. ಗುಂಡಿ ತೋಡಿ ಹೂತು, ತಟ್ಟೆಯನ್ನು ಸೆಗಣಿಯಿಂದ ಸಾರಿಸಿದಳು. ಇಲ್ಲಿಗೆ ಬಿಟ್ಟುಬಿಡೋಣ ಎಂದೆ.

"ಕಾಲ್ಭಾಗ ಬದ್ಕವಲ್ಲ, ಅವು ಯಾವ ಸೊಪ್ಪು ತಿಂದ್ವು?" ಎಂದು ಕೇಳಿದಳು.

ಅದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಬೆಳೆಗೆ ಹೊಲದ ಮೇಲ್ತುದಿ, ನಡು, ತಗ್ಗು ಎಂದು ಮೂರು ತಟ್ಟೆ ಬೇರೆಬೇರೆ ಮಾಡಿದಳು. ತಗ್ಗಿನ ಸೊಪ್ಪು ತಿಂದವು ಮತ್ತೆ ಸತ್ತವು. ಮಿಕ್ಕ ಎರಡು ತಟ್ಟೆಯ ಹುಳು ಬಲಿತು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟಿದವು. ಒಳಗಿನ ಹುಳುವಿನ ಸದ್ದಿಗಾಗಿ ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿ, ನನ್ನ ಅಂಗೈಯಲ್ಲಿಟ್ಟಳು.

ತಗ್ಗಿನ ಅರ್ಧ ಎಕರೆಗೆ ಮುಳ್ಳುಬೇಲಿ ಹಾಕಿ, ಒಳಗೆ ಹೊಂಗೆ ನೆಟ್ಟು, ದನ ನುಗ್ಗದಂತೆ ಮಾಡಿದಳು. ಉಳಿದದ್ದೆಲ್ಲ ಹಿಪ್ಪುನೇರಳೆಯಾಯಿತು. ಆ ಮಣ್ಣಿನಲ್ಲಿ ರಾಗಿಯನ್ನು ಅವಳು ಮತ್ತೆ ಬಿತ್ತಲಿಲ್ಲ. ನಾನೂ ಬಿತ್ತು ಎನ್ನಲಿಲ್ಲ.

ಮರುವರ್ಷ ಅಕ್ಕಪಕ್ಕದವರು ಕಡ್ಡಿ ಕೇಳಿಕೊಂಡು ಬರತೊಡಗಿದರು. ಒಂದು ಮಧ್ಯಾಹ್ನ ಹೋದಾಗ ಜಗುಲಿ ತುಂಬ ಹೆಂಗಸರು ಗೂಡು ಬಿಡಿಸುತ್ತ ಕುಳಿತಿದ್ದರು. ಅವಳ ಮನೆಯ ಚೊಂಬು ಕೈಯಿಂದ ಕೈಗೆ ಓಡಾಡುತ್ತಿತ್ತು. ಅವಳು ನನ್ನತ್ತ ತಿರುಗಿ ಕುಂತ್ಕಳಿ ಎಂದು, ಅವರೊಡನೆ ಆಡುತ್ತ ಬಿಟ್ಟ ಮಾತಿಗೇ ಮರಳಿದಳು. ಊರು ಅವಳ ಜಗುಲಿಗೆ ಮರಳಿದ್ದು ಕಂಡು ನನಗೆ ಸಂತೋಷವಾಯಿತು. ಸ್ವಲ್ಪ ಹೊತ್ತು ಕುಳಿತೆ. ತೆಗೆಯಬೇಕಾದ ಮಣ್ಣಿರಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ. ಮೂರು ವರ್ಷಗಳಿಂದ ಯಾರಾದರೂ ನನ್ನನ್ನು ಕಾಯುತ್ತಿದ್ದ ಮನೆ ಅದೊಂದೇ ಎಂದು ಆಗ ತಿಳಿಯಿತು.

ಮಂಡ್ಯಕ್ಕೆ ವರ್ಗವಾದಾಗ ಹೇಳಿಹೋಗೋಣವೆಂದು ಹೋದೆ. ಗೂಡು ಮಾರಲು ಸಂಗಡಿಗರ ಜೊತೆ ಹೋಗಿದ್ದಳು, ಬಾಗಿಲು ಹಾಕಿತ್ತು. ಪಕ್ಕದ ಮನೆಯ ಮುದುಕಿಗೆ ನನ್ನ ಗುರುತು ಹತ್ತಲಿಲ್ಲ. ಯಾರು ಬಂದಿದ್ದರು ಎಂದು ಹೇಳಲಿ ಎಂದು ಕೇಳಿದಳು. ಮಣ್ಣು ನೋಡಲು ಬರುತ್ತಿದ್ದವನು ಎಂದೆ.

"ಯೋಳ್ತೀನಿ ಬುಡಪ್ಪ" ಎಂದಳು.

ಹೊಲದ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ಬಸ್ಸು ಹಿಡಿದೆ.